ಹಂದರಕ್ಕೆ ಕಡಿದ ಖರ್ಜೂರ

ಪೂಜ್ಯ ಗುರುಪಾದ ತಾತನವರು ಕಲ್ಲಗುಡ್ಡದ ಪುಟ್ಟ ಮಠದಲ್ಲಿ ಬಾಳಿದ್ದು ಒಂದು ಕಂಬಳಿ, ಒಂದು ಕುಡುಗೋಲು, ಹಿತ್ತಲ ತುಂಬ ಖರ್ಜೂರದ ಗಿಡಗಳ ನಡುವೆ. ಬಂದವರಿಗೆ ಆಶೀರ್ವಾದಕ್ಕೂ ಮೊದಲು ಆ ಗಿಡಗಳಿಗೆ ಒಂದು ಕೊಡ ನೀರು ಹೊರುವ ಕೆಲಸ ಸಿಗುತ್ತಿತ್ತು. ಹೀಗಾಗಿ ಸೋಮಾರಿ ಭಕ್ತರು ದೂರದಿಂದಲೇ ಕೈಮುಗಿಯುತ್ತಿದ್ದರು.

ಒಂದು ಶಿವರಾತ್ರಿಯ ಮರುದಿನ ಪಕ್ಕದೂರಿನ ಬಸಲಿಂಗಮ್ಮ ಸೊಸೆ ದಾಕ್ಷಾಯಣಿಯನ್ನು ಮುಂದಿಟ್ಟುಕೊಂಡು ಬಂದಳು. ಸೊಸೆಯ ಬಟ್ಟೆಗಂಟೂ ಜೊತೆಗಿತ್ತು. ತಾತನವರು ಒಮ್ಮೆ ‘ಹೂಂ’ ಅಂದರೆ ಸಾಕು, ಅಲ್ಲಿಂದಲೇ ಅವಳನ್ನು ತವರಿನ ಬಸ್ಸು ಹತ್ತಿಸುವುದೆಂದು ಮನಸ್ಸು ಮಾಡಿದ್ದಳು. ಮಗ ವೀರೇಶ ‘ನೀ ಹೇಳಿದಂಗ’ ಅಂದು ಹೊಲಕ್ಕೆ ಹೋಗಿದ್ದ. ಆ ಮನೆಯಲ್ಲಿ ಅವನು ಆಡುತ್ತಿದ್ದ ಮಾತೇ ಅದೊಂದು.

ದೂರು ಇಷ್ಟೇ. ಬಸಲಿಂಗಮ್ಮನ ಯಜಮಾನರು ಹಿತ್ತಲಲ್ಲಿ ಎರಡು ಖರ್ಜೂರ ನೆಟ್ಟು ಕಣ್ಣುಮುಚ್ಚಿದ್ದರು. ಒಂದು ಗಿಡ ಪ್ರತಿ ಶ್ರಾವಣದಲ್ಲೂ ಓಣಿಗೆಲ್ಲ ಹಂಚುವಷ್ಟು ಹಣ್ಣು ಕೊಡುತ್ತಿತ್ತು. ದಾಕ್ಷಾಯಣಿ ಕಾಲಿಟ್ಟ ವರ್ಷದಿಂದ, ಅಂದರೆ ನಾಲ್ಕು ವರ್ಷದಿಂದ, ಕಾಯಿ ಸುಕ್ಕುಗಟ್ಟಿ ಉದುರುತ್ತಿತ್ತು. ಬೇವಿನ ಹಿಂಡಿ ಹಾಕಿದ್ದಾಯಿತು, ಹರಕೆ ಹೊತ್ತಿದ್ದಾಯಿತು, ಬೊಡ್ಡೆಗೆ ನಿಂಬೆಹಣ್ಣು ಕಟ್ಟಿದ್ದಾಯಿತು. ಇನ್ನುಳಿದದ್ದು ಸೊಸೆಯ ಕಾಲ್ಗುಣ.

ತಾತನವರು ಎಲ್ಲವನ್ನೂ ಕೇಳಿದರು. ಆಮೇಲೆ ಅಂದರು, “ಇನ್ನೊಂದು ಗಿಡ ಎಲ್ಲೈತವ್ವ?”

ಬರೀ ಹೂಬಿಟ್ಟು ಅಂಗಳವೆಲ್ಲ ಹುಡಿ ಉದುರಿಸುತ್ತಿದ್ದ ದಂಡಪಿಂಡ ಗಿಡ ಅದು, ಒಂದು ಹಣ್ಣು ಕಂಡಿದ್ದಿಲ್ಲ, ಮಗನ ಮದುವೆಯಲ್ಲಿ ಕಡಿಸಿ ಹಂದರಗಂಬ ಮಾಡಿದೆ ಎಂದು ಬಸಲಿಂಗಮ್ಮ ತುಸು ಹೆಮ್ಮೆಯಿಂದಲೇ ಹೇಳಿದಳು.

ತಾತನವರು ಎದ್ದು, ತಮ್ಮ ಹಿತ್ತಲ ಗಿಡವೊಂದರಿಂದ ಆಗಷ್ಟೇ ಬಿರಿದ ಹೂಗೊಂಚಲು ಕೊಯ್ದು ತಂದು ಅವಳ ಅಂಗೈ ಮೇಲೆ ಕೊಡವಿದರು. ಗೋದಿಹಿಟ್ಟಿನಂಥ ಬಿಳಿ ಹುಡಿ.

“ಅದು ಗಂಡುಗಿಡ ಇತ್ತವ್ವ. ಹಣ್ಣಾಗ್ತಿದ್ದದ್ದು ಈ ಹುಡಿಯಿಂದ. ಕೊಡಲಿ ಹಾಕಿಸಿದಾಕಿ ನೀನು, ಅಪವಾದ ಹೊತ್ತಾಕಿ ಇಕಿ.”

ಹೂಗೊಂಚಲನ್ನು ತಮ್ಮ ಶಲ್ಯದಲ್ಲಿ ಸುತ್ತಿ ದಾಕ್ಷಾಯಣಿಗೆ ಕೊಟ್ಟರು. ನಿಮ್ಮ ಗಿಡದ ಹೊಂಬಾಳೆ ಬಿರಿದ ದಿನ ಇದರ ಎಳೆಗಳನ್ನು ನಡುವೆ ಸಿಕ್ಕಿಸಿ ಸಡಿಲವಾಗಿ ಕಟ್ಟು ಅಂದರು. ಬಟ್ಟೆಗಂಟನ್ನು ಮಾತ್ರ ಮಠದಲ್ಲೇ ಇರಿಸಿಕೊಂಡರು. “ಶ್ರಾವಣಕ್ಕ ಬಂದು ಒಯ್ಯಿರಿ. ಅಲ್ಲೀತನಕ ಇಕಿಗೆ ನಿನ್ನ ಸೀರಿ ಉಡಿಸು.”

ಬಸಲಿಂಗಮ್ಮ ಒಳಗೊಳಗೇ ಕುದಿದಳು. ಹಣ್ಣು ಆಗದಿರಲಿ, ಆಗ ಈ ತಾತ ಏನನ್ನುತ್ತಾನೋ ನೋಡೋಣ ಎಂದುಕೊಂಡಳು. ಆದರೆ ಮರುವಾರ ದಾಕ್ಷಾಯಣಿ ಅತ್ತೆಯ ಇಳಕಲ್ ಸೀರೆಯ ಕಚ್ಚೆ ಹಾಕಿ ಗಿಡ ಹತ್ತುವಾಗ ಏಣಿ ಹಿಡಿಯಲು ಬೇರೆ ಯಾರಿದ್ದರು?

“ಗಟ್ಟಿ ಹಿಡೀರಿ ಅತ್ತಿ,” ಮೇಲಿನಿಂದ ದಾಕ್ಷಾಯಣಿ ಅಂದಳು. “ಬಿದ್ರ ನನ್ನ ತವರಿಗೆ ಹೊತ್ಕೊಂಡು ಹೋಗೋದು ನಿಮ್ಮ ಪಾಲಿಗೇ ಬರ್ತದ.”

ನಗು ಬಂದದ್ದು ಕಾಣದಿರಲೆಂದು ಬಸಲಿಂಗಮ್ಮ ಮುಖ ತಿರುಗಿಸಿದಳು. ಏಣಿ ಮಾತ್ರ ಬಿಡಲಿಲ್ಲ.

ಶ್ರಾವಣದ ಮೊದಲ ಸೋಮವಾರ ಇಬ್ಬರೂ ಹಳದಿ ಗೊಂಚಲು ಹೊತ್ತು ಮಠಕ್ಕೆ ಬಂದರು. ಯಾರೂ ಹೇಳದೆಯೇ ಬಸಲಿಂಗಮ್ಮ ಕೊಡ ತುಂಬಿಕೊಂಡು ಹಿತ್ತಲಿಗೆ ಹೋದಳು. ಹಣ್ಣು ತುಂಬಿದ ಗಿಡಗಳನ್ನೆಲ್ಲ ದಾಟಿ ಅಂದು ತಾತನವರು ಹೂ ಕೊಯ್ದಿದ್ದ ಗಂಡುಗಿಡದ ಬುಡಕ್ಕೆ ನೀರೆರೆದು ತಲೆಬಾಗಿದಳು.

ತಾತನವರು ಬಟ್ಟೆಗಂಟನ್ನು ತಂದು ಮುಂದಿಟ್ಟರು. ಬಸಲಿಂಗಮ್ಮ ಅದನ್ನು ಮೆಲ್ಲಗೆ ಅವರ ಪಾದದ ಕಡೆ ಸರಿಸಿದಳು.

“ಇದನ್ನ ಇಲ್ಲದವರಿಗೆ ಯಾರಿಗಾರ ಕೊಡ್ರಿ, ತಾತ. ಇಕಿಗೆ ನನ್ನ ಸೀರೀನ ಒಪ್ತಾವು.”