ಚಾಪೆಮಾಳದ ಶಿಖರ

ಹೊಳೆಯ ದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಅದರ ಬೆನ್ನಿಗೆ ಚಾಪೆಮಾಳ. ಬೆಟ್ಟದ ಹಾಗೆ ಏರುತ್ತದೆ, ಮೇಲೆ ಹೋದರೆ ಚಾಪೆ ಹಾಸಿದಂತೆ ಮಟ್ಟಸ. ಕಣ್ಣು ಹೋದಷ್ಟು ದೂರ ಹುಲ್ಲು, ಹಾಸುಗಲ್ಲು, ಗಾಳಿ.

ಶಿಷ್ಯ ಗುರುಮಲ್ಲು ಒಂದು ದಿನ ಮೊಬೈಲ್ ಹಿಡಿದು ಗುರುಗಳ ಬಳಿ ಬಂದ.

"ಬುದ್ಧೀ, ಇದು ಲೋಕದ ಜನರೆಲ್ಲ ಸೇರಿ ಬರೆಯುವ ನಕ್ಷೆ. ಯಾರು ಬೇಕಾದರೂ ತಮ್ಮ ಊರಿನ ಹಳ್ಳಕೊಳ್ಳ ಗುರುತಿಸಬಹುದು. ನಮ್ಮ ಮಾಳವನ್ನು ನಾನೇ ಹಾಕಿದೆ. ಹಾಕಿದವರು ಯಾರೆಂದೂ ಅದರಲ್ಲಿ ಇರುತ್ತದೆ. ಇಗೋ, ನನ್ನ ಹೆಸರು."

ಗುರುಗಳು ಕನ್ನಡಕ ಏರಿಸಿ ನೋಡಿದರು. ಪುಟ್ಟದೊಂದು ತ್ರಿಕೋನ. ಪಕ್ಕದಲ್ಲಿ 'ಚಾಪೆಮಾಳ'.

"ಈ ತ್ರಿಕೋನ ಏನಯ್ಯ?"

"ಶಿಖರದ ಗುರುತು."

"ಮಾಳಕ್ಕೆ ಶಿಖರ ಯಾವಾಗ ಮೂಡಿತು?"

ಗುರುಮಲ್ಲು ನಕ್ಕ. "ಮೊದಲು ಅಂಚು ಬರೆದು ಪ್ರಸ್ಥಭೂಮಿ ಎಂದೇ ಹಾಕಿದ್ದೆ ಬುದ್ಧೀ. ಪ್ರಸ್ಥಭೂಮಿಯ ಹೆಸರನ್ನು ಈ ನಕ್ಷೆ ತೋರಿಸುವುದಿಲ್ಲ. ಶಿಖರ ಎಂದರೆ ತೋರಿಸುತ್ತದೆ. ಹೆಸರು ಕಾಣಬೇಕಲ್ಲ?"

"ಯಾರೂ ಬೇಡ ಎನ್ನಲಿಲ್ಲವೇ?"

"ದೂರದವರು ಯಾರೋ ಒಬ್ಬರು, ಇದು ಶಿಖರವಲ್ಲ ಎಂದು ತಿದ್ದಿದರು. 'ನಾನು ಇಲ್ಲಿಯವನು. ನೀವು ಈ ನೆಲ ಮೆಟ್ಟಿದ್ದೀರಾ?' ಎಂದು ಬರೆದು ಮತ್ತೆ ಶಿಖರ ಮಾಡಿದೆ. ಆಮೇಲೆ ಅವರು ಬಾಯಿ ಬಿಡಲಿಲ್ಲ."

ಗುರುಗಳು ಬಿಸಿಲಿಗೆ ಹರವಿದ್ದ ರಾಗಿಯ ಕಡೆ ತಿರುಗಿದರು.

ಸುಗ್ಗಿ ಕಳೆದು ಬೇಸಗೆ ಬಂತು. ಒಂದು ಮಧ್ಯಾಹ್ನ ದಾಕ್ಷಾಯಿಣಮ್ಮ ಎಂಬ ಹೆಂಗಸು ಆಶ್ರಮದ ಜಗಲಿಗೆ ಬಂದು ಕುಸಿದು ಕೂತರು. ಜೊತೆಗೆ ಅವರ ತಮ್ಮ. ಸೆರಗಿನ ತುದಿಯಲ್ಲಿ ಮಣ್ಣಿನ ಹಣತೆ ಕಟ್ಟಿಕೊಂಡಿದ್ದರು. ಕೈಯಲ್ಲಿ ಎಣ್ಣೆಯ ಶೀಶೆ. ಅಂಗಾಲು ಬೊಬ್ಬೆ ಎದ್ದಿತ್ತು.

ಗುರುಮಲ್ಲು ನೀರು ತಂದ.

"ಮಗಳಿಗೆ ಹೆರಿಗೆ ಕಷ್ಟವಾಗಿತ್ತು ಸ್ವಾಮಿ," ಎಂದರು ಆಕೆ. "ತಾಯಿ ಮಗು ಉಳಿದರೆ ಬರಿಗಾಲಲ್ಲಿ ಹತ್ತಿ, ಶಿಖರದ ಮೇಲೆ ದೀಪ ಹಚ್ಚುತ್ತೀನಿ ಅಂತ ಹರಕೆ ಹೊತ್ತೆ. ಇವನು ನಕ್ಷೆ ನೋಡಿ, ಹತ್ತಿರದಲ್ಲೇ ಒಂದಿದೆ ಅಂದ. ಬೆಳಗಿನಿಂದ ಸುತ್ತಿದೆವು. ಶಿಖರವೇ ಇಲ್ಲ."

"ಮೊಬೈಲು 'ಬಂದು ತಲುಪಿದಿರಿ' ಅನ್ನುತ್ತೆ," ಎಂದ ತಮ್ಮ. "ಸುತ್ತ ನೋಡಿದರೆ ದೋಸೆಹಂಚು. ಶಿಖರ ನಮ್ಮನ್ನು ಕಂಡು ಎದ್ದು ಓಡಿಹೋಯಿತೇನೋ!"

"ಇನ್ನೂ ಮುಂದಿದೆ, ಇನ್ನೂ ಮುಂದಿದೆ ಅಂತ ನಡೆಸಿದವನು ನೀನೇ. ಕಲ್ಲು ಕೆಂಡವಾಗಿತ್ತು. ಯಾವ ಪುಣ್ಯಾತ್ಮ ಆ ಗುರುತು ಹಾಕಿದನೋ!"

ಗುರುಮಲ್ಲು ಹೇಳಿಬಿಡಬೇಕೆಂದು ಬಾಯಿ ತೆರೆದ. "ಇನ್ನೊಂದು ಲೋಟ ನೀರು ಕೊಡಲಾ ಅಮ್ಮ?" ಎಂದಷ್ಟೇ ಬಂತು.

ಗುರುಗಳು ಅವನ ಕಡೆ ನೋಡಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

"ತಾಯಿ, ಆ ಹಣತೆ, ಎಣ್ಣೆ ಇವನ ಕೈಗೆ ಕೊಡಿ," ಎಂದರು ಗುರುಗಳು. "ನಮ್ಮ ಗುರುಮಲ್ಲು ಇಲ್ಲಿಯವನು. ಶಿಖರ ಎಲ್ಲಿದೆಯೆಂದು ಇವನನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ನಿಮ್ಮ ಪರವಾಗಿ ಹಚ್ಚಿ ಬರಲಿ."

"ಅಷ್ಟು ಉಪಕಾರ ಮಾಡ್ತೀಯಾ ಮಗಾ?" ದಾಕ್ಷಾಯಿಣಮ್ಮ ಅವನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಹೊಟ್ಟೆ ತಣ್ಣಗಿರಲಿ."

ಗುರುಮಲ್ಲು ತಲೆ ಎತ್ತಲಾರದೆ ಹೋದ. ಚಪ್ಪಲಿಯ ಹತ್ತಿರ ಹೋಗಿ, ಮೆಟ್ಟದೆ ಹೊರಟ.

ಮಾಳದ ಹಾಸುಗಲ್ಲು ಇನ್ನೂ ಸುಡುತ್ತಿತ್ತು. ಮೊಬೈಲ್ ತೋರಿಸಿದ ಕಡೆ ಹೋಗಿ ನಿಂತ. ಆಶ್ರಮದ ನೆರಳಲ್ಲಿ ಕೂತು ಅವನು ಬೆರಳೊತ್ತಿದ್ದ ಜಾಗ ಅದು. ಮೊಣಕಾಲೆತ್ತರದ ಕಲ್ಲೂ ಅಲ್ಲಿರಲಿಲ್ಲ.

ಬಂಡೆಯ ಮೇಲೆ ಎಣ್ಣೆಯ ಹನಿಗಳು ಬಿದ್ದಿದ್ದವು. ಒಂದು ಸಾಲು ಮೂಡಲಿಗೆ ಹೋಗಿ ತಿರುಗಿತ್ತು. ಇನ್ನೊಂದು ಪಡುವಲಿಗೆ ಹೋಗಿ ತಿರುಗಿತ್ತು. ಆಕೆ ಹುಡುಕಾಡಿದ ದಾರಿ.

ಹಣತೆ ಇಟ್ಟು ಎಣ್ಣೆ ಬಿಟ್ಟ. ಕಡ್ಡಿ ಗೀರಲು ಕೈ ಬರಲಿಲ್ಲ.

ಇಳಿದು ಬಂದು ಹಣತೆಯನ್ನು ಆಕೆಯ ಮುಂದಿಟ್ಟ.

"ಅಲ್ಲಿ ಶಿಖರ ಇಲ್ಲ ಅಮ್ಮ. ಆ ಗುರುತು ಹಾಕಿದವನು ನಾನೇ. ಇಲ್ಲ ಅಂತ ಗೊತ್ತಿದ್ದೇ ಹಾಕಿದೆ."

ದಾಕ್ಷಾಯಿಣಮ್ಮ ಅವನ ಮುಖ ನೋಡಿದರು. ಆಮೇಲೆ ಅವನ ಕಾಲು ನೋಡಿದರು.

"ನೀನು ಇಲ್ಲಿಯವನೇ ತಾನೇ ಮಗಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಆಕೆ ಹಣತೆಯನ್ನು ಒರೆಸಿ ಮತ್ತೆ ಸೆರಗಿಗೆ ಕಟ್ಟಿಕೊಂಡರು. "ಏಳೋ ತಮ್ಮಾ. ಇನ್ನೊಂದು ಬೆಟ್ಟ ನೋಡೋಣ. ಈ ಸಲ ಯಾರನ್ನಾದರೂ ಬಾಯಿಬಿಟ್ಟು ಕೇಳಿಕೊಂಡೇ ಹತ್ತೋಣ."

ಅವರು ಕುಂಟುತ್ತಾ ಹೊಳೆ ದಾಟುವವರೆಗೂ ಗುರುಮಲ್ಲು ನಿಂತೇ ಇದ್ದ.

ಆಮೇಲೆ ಜಗಲಿಯ ಮೂಲೆಯಲ್ಲಿ ಕೂತು ತ್ರಿಕೋನ ಅಳಿಸಿದ. ಮಾಳದ ಅಂಚಿನ ಗುಂಟ ಗೆರೆ ಎಳೆದು ಪ್ರಸ್ಥಭೂಮಿ ಎಂದು ಬರೆದ. ಆ ದೂರದವರಿಗೆ 'ನೀವು ಹೇಳಿದ್ದೇ ಸರಿ, ತಪ್ಪು ನನ್ನದು' ಎಂದು ತಿಳಿಸಿದ. ಮೊಬೈಲನ್ನು ಗುರುಗಳ ಮುಂದೆ ಹಿಡಿದ.

"ತಿದ್ದಿದೆ ಬುದ್ಧೀ. ಇನ್ನು ನಕ್ಷೆಯಲ್ಲಿ ಹೆಸರು ಕಾಣುವುದಿಲ್ಲ."

ಗುರುಗಳು ಮೊಬೈಲ್ ನೋಡಲಿಲ್ಲ. ಬಾಗಿಲಾಚೆ ಕೈ ತೋರಿಸಿದರು.

"ಮಾಳ ಕಾಣುತ್ತಿದೆಯೇ?"

"ಕಾಣುತ್ತಿದೆ."

"ಊರವರು ಅದನ್ನು ಏನೆಂದು ಕರೆಯುತ್ತಾರೆ?"

"ಚಾಪೆಮಾಳ ಎಂದೇ."

"ಹಾಗಾದರೆ ಕಾಣದೆ ಹೋದದ್ದು ಯಾರ ಹೆಸರು, ಮಗು?"