ಮಣ್ಣಿನ ಮೂರು ನಾಳೆಗಳು

ಕೆರೆ, ಹೊಳೆ, ಕಾಡಿನ ಮೇಲೆ ಕೈ ಹಾಕುವ ಮೊದಲು ಅರಸರು ಬೊಮ್ಮದೇವರ ಆಶ್ರಮಕ್ಕೆ ಬರಬೇಕೆಂಬ ಕಟ್ಟಳೆಯಿತ್ತು. ಶಿಷ್ಯರು ಹೊಳೆದಂಡೆಯಲ್ಲಿ ಆ ಜಾಗವನ್ನು ಒಕ್ಕುವ ಕಣದಷ್ಟು ಅಗಲಕ್ಕೆ ಮಣ್ಣಿನಲ್ಲಿ ಮಾಡಿ, ಮುಂದೇನಾಗುತ್ತದೆಂದು ನೀರು ಸುರಿದು ತೋರಿಸುತ್ತಿದ್ದರು.

ಈ ಸಲದ ಅರಸನಿಗೆ ದೊಡ್ಡ ಜೌಗನ್ನು ಬತ್ತಿಸಿ ಗದ್ದೆ ಮಾಡುವ ಆಸೆ. ಅದರ ಕೆಳಗೇ ಬೆಸ್ತರ ಕೇರಿ.

ಗುರು ಬೊಮ್ಮದೇವರು ಪರವೂರಿನಲ್ಲಿದ್ದರು. ಶಿಷ್ಯ ಸೋಮಿದೇವ ಮಣ್ಣಿನಲ್ಲಿ ಮೂರು ಜೌಗು ಮಾಡಿ, ಮೂರರ ಕೆಳಗೂ ಕೇರಿಯನ್ನು ಮಾಡಿದ. ಒಂದು ಪೂರ್ತಿ ಬತ್ತಿಸಿದ್ದು, ಒಂದು ಅರ್ಧ ಉಳಿಸಿದ್ದು, ಇನ್ನೊಂದು ಇದ್ದ ಹಾಗೇ ಬಿಟ್ಟಿದ್ದು.

ಗುರುಗಳು ಮರಳಿದಾಗ ಅವನು ಹಿಗ್ಗಿನಲ್ಲಿದ್ದ.

"ಅರಸರು ಮೆಚ್ಚಿದರು, ಗುರುಗಳೇ. ಪೂರ್ತಿ ಬತ್ತಿಸಿದರೂ ಕೇರಿಗೆ ಏನೂ ಆಗಲಿಲ್ಲ. ನಾಳೆ ಅಪ್ಪಣೆ ಹೊರಡುತ್ತದೆ."

"ಎಷ್ಟು ನೀರು ಸುರಿದೆ?"

ಸೋಮಿದೇವ ತಲೆ ತಗ್ಗಿಸಿದ. "ಒಂದು ಗಿಂಡಿ."

"ಸುರಿಯಬೇಕಾದದ್ದು ಒಂದು ಕೊಡ."

"ಮೊದಲು ಕೊಡವನ್ನೇ ಸುರಿದು ನೋಡಿದ್ದೆ. ಕೇರಿ ಕೊಚ್ಚಿಹೋಯಿತು. ಅಂಥ ಮಳೆ ಯಾವಾಗಲೋ ಒಮ್ಮೆ, ಅರಸರ ಮನಸ್ಸು ಯಾಕೆ ಕೆಡಿಸುತ್ತೀಯ ಅಂದರು ಮಂತ್ರಿಗಳು."

"ಅದಕ್ಕೆ ನೀನು ಮಳೆಯನ್ನೇ ಸಣ್ಣದು ಮಾಡಿದೆ." ಗುರುಗಳು ಸಿಟ್ಟಾದರು.

ಕೇರಿಯ ಹಿರಿಯಳು ದ್ಯಾವಿ, ಸುದ್ದಿ ಕೇಳಿ ಬಂದವಳು, ಮಣ್ಣಿನ ಜೌಗನ್ನು ಬಗ್ಗಿ ನೋಡುತ್ತಿದ್ದಳು.

"ಜೊಂಡುಹುಲ್ಲು ಎಲ್ಲೈತೆ ಸಾಮಿ? ಮೀನು ಮರಿ ಮಾಡೋದು ಅದರಾಗೆ. ನೀರು ತಡೆಯೋದೂ ಅದೇಯ."

"ಮಣ್ಣಲ್ಲಿ ಜೊಂಡು ಮಾಡಲು ಬರುವುದಿಲ್ಲ, ಅಮ್ಮಾ," ಅಂದ ಸೋಮಿದೇವ.

"ಬರಾಕಿಲ್ಲ ಅಂತ ಬಿಟ್ಟೇಬಿಟ್ರಾ?"

"ಕೇಳಿದೆಯಾ?" ಅಂದರು ಗುರುಗಳು. "ನಿನ್ನ ಕೈಗೆ ಬಾರದ್ದು ಈ ಲೋಕದಲ್ಲೇ ಇಲ್ಲ ಅಂತ ಅರಸನಿಗೆ ತೋರಿಸಿ ಕೂತಿದ್ದೀಯ."

ಅವರೇ ಹೊಳೆಗಿಳಿದು ಕೊಡ ತುಂಬಿ ತಂದು ಅವನ ಮುಂದೆ ಇಟ್ಟರು.

"ಹೋಗು. ಅಪ್ಪಣೆ ಹೊರಡುವ ಮೊದಲು ಅರಸನನ್ನು ಮತ್ತೆ ಕರೆದುಕೊಂಡು ಬಾ."

"ನಾನೇ ಸುಳ್ಳು ತೋರಿಸಿದೆ ಅನ್ನಲೇ? ಮಂತ್ರಿಗಳು ನನ್ನನ್ನು ಉಳಿಸುವುದಿಲ್ಲ."

"ಆ ಮಾತನ್ನು ದ್ಯಾವಿಯ ಮುಖ ನೋಡಿ ಹೇಳು."

ಸೋಮಿದೇವ ಅವಳತ್ತ ತಿರುಗಿದ. ಎದ್ದು ನಿಂತ.

"ಕರೆತರುತ್ತೇನೆ. ಆದರೆ ಅರಸರು ದಂಡೆಯ ಮೇಲೆ ಆರಾಮಾಗಿ ಕೂತು, ಕಣ್ಣಾರೆ ನೋಡಿ ಹೋಗಿದ್ದಾರೆ. ಈಗ ಬೇರೆ ತೋರಿಸಿದರೆ ಹೇಗೆ ನಂಬುತ್ತಾರೆ?"

"ಈ ಸಲ ದಂಡೆಯ ಮೇಲೆ ಕೂರಿಸಬೇಡ," ಅಂದರು ಗುರುಗಳು. "ಮಣ್ಣಿನೊಳಗೆ ದ್ಯಾವಿಯ ಕೇರಿ ಇದೆಯಲ್ಲ, ಅಲ್ಲಿ ಕೂರಿಸಿ ಈ ಕೊಡ ಸುರಿ."