ಮೂರನೆಯ ಪೆಡಲ್

ಲಿಗೋರಿ ಮಾಸ್ಟ್ರ ಬಳಿ ರೇಸಿನ ಕಾರು ಓಡಿಸಲು ಕಲಿತು ಹೋದವರು ಬಹಳ ಮಂದಿ. ಹೋಗದೆ ಉಳಿದವನು ಧರಣೇಂದ್ರ ಒಬ್ಬನೇ.

ಹೊಳೆಯ ದಂಡೆಯಲ್ಲಿ ಒಂದು ಹಳೆಯ ವಿಮಾನದ ಪಟ್ಟಿ. ಅಲ್ಲಿ ವಿಮಾನ ಇಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಅದರ ಎರಡೂ ತುದಿಗೆ ತಿರುವುಗಳನ್ನು ಸೇರಿಸಿ ಮಾಸ್ಟ್ರು ಓಟದ ದಾರಿ ಮಾಡಿಕೊಂಡಿದ್ದರು. ಬದಿಯಲ್ಲಿ ತಗಡಿನ ಶೆಡ್ಡು. ಶೆಡ್ಡಿನ ಹಿಂದೆ ಬಾವಿ, ಒಲೆ, ಮಲಗಲು ಜಗಲಿ. ಅವರ ಗುರುಕುಲವೆಂದರೆ ಅಷ್ಟೇ.

ಧರಣೇಂದ್ರ ಬಂದ ಮೊದಲ ವರ್ಷ ಮಾಸ್ಟ್ರು ಪಕ್ಕದ ಸೀಟಿನ ಮೇಲೆ ತುಂಬಿದ ನೀರಿನ ಲೋಟ ಇಟ್ಟು ಗೇರು ಬದಲಿಸಲು ಹೇಳುತ್ತಿದ್ದರು. ನೀರು ಚೆಲ್ಲಿದರೆ ಮತ್ತೆ ಮೊದಲಿನಿಂದ. ಚೆಲ್ಲದ ದಿನ ಬರುವಷ್ಟರಲ್ಲಿ ಅವನ ಎಡಗಾಲಿನ ಮೀನಖಂಡ ಕಲ್ಲಿನಂತಾಗಿತ್ತು. ಕ್ಲಚ್ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ಆ ಕಾಲು ಎಂಜಿನ್ನಿನ ಸದ್ದಿನಲ್ಲೇ ತಿಳಿದುಕೊಳ್ಳುತ್ತಿತ್ತು.

ತನ್ನ ಆ ಕಾಲಿನ ಬಗ್ಗೆ ಅವನಿಗೆ ಹೇಳಲಾರದಷ್ಟು ಹೆಮ್ಮೆ.

ಒಂದು ದಿನ ಮಾಸ್ಟ್ರ ಹಳೆಯ ಶಿಷ್ಯನೊಬ್ಬ ಹೊಸ ಸ್ಪೋರ್ಟ್ಸ್ ಕಾರೊಂದನ್ನು ತಂದು ಶೆಡ್ಡಿನ ಮುಂದೆ ಬಿಟ್ಟ. ಇಲ್ಲಿನವರು ಇದರಲ್ಲೂ ಕಲಿಯಲಿ ಎಂದು ಕೀಲಿ ಕೊಟ್ಟು ಹೋದ.

ಧರಣೇಂದ್ರ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಗೇರಿನ ಕೋಲು ಇರಬೇಕಾದ ಜಾಗದಲ್ಲಿ ಒತ್ತುವ ಒಂದು ಗುಂಡಿ. ಸ್ಟೇರಿಂಗಿನ ಹಿಂದೆ ಆಚೆಗೊಂದು ಈಚೆಗೊಂದು ತೆಳುವಾದ ಪಟ್ಟಿ. ಕೆಳಗೆ ಎರಡೇ ಪೆಡಲ್.

"ಮಾಸ್ಟ್ರೇ, ಇದಕ್ಕೆ ಕ್ಲಚ್ಚೇ ಇಲ್ಲ!"

"ಎರಡಿವೆ" ಎಂದರು ಮಾಸ್ಟ್ರು.

"ಎಲ್ಲಿ?"

"ಒಳಗೆ. ನಿನ್ನ ಕಾಲಿಗೆ ಸಿಗುವುದಿಲ್ಲ, ಅಷ್ಟೇ."

ಮಾಸ್ಟ್ರು ಬಿಡಿಸಿ ಹೇಳಿದರು. ಒಂದು ಕ್ಲಚ್ ಒಂದು, ಮೂರು, ಐದನೆಯ ಗೇರುಗಳನ್ನು ನೋಡಿಕೊಳ್ಳುತ್ತದೆ. ಇನ್ನೊಂದು ಎರಡು, ನಾಲ್ಕು, ಆರನ್ನು. ಕಾರು ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಸಿದ್ಧವಾಗಿ ಕಾದಿರುತ್ತದೆ. ಬೆರಳಿನಿಂದ ಪಟ್ಟಿ ಎಳೆದರೆ ಆಯಿತು, ಕಣ್ಣು ಮಿಟುಕಿಸುವುದರೊಳಗೆ ಗೇರು ಬದಲಾಗುತ್ತದೆ. ಎಳೆಯದಿದ್ದರೆ ಕಾರು ತಾನೇ ಬದಲಿಸಿಕೊಳ್ಳುತ್ತದೆ.

"ಹಾಗಾದರೆ ಓಡಿಸುವವನಿಗೆ ಏನು ಕೆಲಸ?"

"ಓಡಿಸುವುದು."

ಧರಣೇಂದ್ರನಿಗೆ ಮೈ ಉರಿಯಿತು. "ಇಷ್ಟು ವರ್ಷ ನೀವು ನನ್ನ ಕಾಲು ಸವೆಸಿದ್ದು ಯಾಕೆ ಮಾಸ್ಟ್ರೇ? ಎರಡು ಬೆರಳು ಇದ್ದವರೆಲ್ಲ ಓಡಿಸುವುದಾದರೆ ನನಗೆ ಯಾಕೆ ಕಲಿಸಿದಿರಿ?"

ಮಾಸ್ಟ್ರು ಕಾರು ಹತ್ತಿ ಕೂತರು. "ಪಕ್ಕದಲ್ಲಿ ಕೂತುಕೋ" ಎಂದರು.

ಅವನು ಮುಖ ಗಂಟಿಕ್ಕಿಕೊಂಡೇ ಕೂತ. ಮಾಸ್ಟ್ರು ಓಟದ ದಾರಿಯನ್ನು ಒಂದು ಸುತ್ತು ಹಾಕಿದರು. ಬಹಳ ವೇಗವಾಗಿ, ಬಹಳ ನಯವಾಗಿ. ಕಾರು ಶೆಡ್ಡಿನ ಮುಂದೆ ಬಂದು ನಿಂತಿತು.

"ಏನು ನೋಡಿದೆ?"

"ನಿಮ್ಮ ಎಡಗಾಲು ನಿದ್ದೆ ಮಾಡುತ್ತಿತ್ತು. ಸುತ್ತು ಮುಗಿಯುವವರೆಗೆ ಒಮ್ಮೆಯೂ ಅಲುಗಲಿಲ್ಲ."

"ತಿರುವಿನಲ್ಲಿ ನನ್ನ ಕಣ್ಣು ಎಲ್ಲಿತ್ತು?"

"ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದೆ."

ಮಾಸ್ಟ್ರು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಇಳಿದು ಹೋದರು. ಅದು ಪಾಠವೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದಕ್ಕೂ ಸಿಟ್ಟು ಬಂತು.

ಆ ಕಾರು ವಾರಿಜಾಳ ಪಾಲಿಗೆ ಬಂತು.

ವಾರಿಜಾ ಕುಂದಾಪುರದ ಕಡೆಯವಳು, ಗುರುಕುಲಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಮಾತು ಹೆಚ್ಚು, ನಗು ಇನ್ನೂ ಹೆಚ್ಚು. ಧರಣೇಂದ್ರನನ್ನು ಅಣ್ಣ ಎನ್ನುತ್ತಿದ್ದಳು. ಅವಳಿಗೆ ಕ್ಲಚ್ಚಿನ ಪಾಠ ಆರಂಭವಾಗಿತ್ತಷ್ಟೇ. ಹೊಸ ಕಾರಿನಲ್ಲಿ ಕೂತರೆ ಅವಳೇ ಬೇರೆ. ತಿಂಗಳು ಕಳೆಯುವುದರೊಳಗೆ ಅವಳ ಸುತ್ತು ಧರಣೇಂದ್ರನ ಸುತ್ತಿಗಿಂತ ಬೇಗ ಮುಗಿಯತೊಡಗಿತು.

"ಬೇಗ ಬಂದದ್ದು ಕಾರು" ಎಂದ ಧರಣೇಂದ್ರ. "ಅವಳಲ್ಲ."

"ಕಾರು ಒಂದೇ ಬರಲಿಲ್ಲವಲ್ಲ ಮಾರಾಯ, ಒಳಗೆ ಅವಳೂ ಇದ್ದಳಲ್ಲ" ಎಂದರು ಮಾಸ್ಟ್ರು.

"ತಮಾಷೆ ಬೇಡ ಮಾಸ್ಟ್ರೇ. ಗೇರು ಬದಲಿಸುವುದು ಒಂದು ವಿದ್ಯೆ ಅಂತ ನನಗೆ ಹೇಳಿದವರು ನೀವು. ಎಂಜಿನ್ನಿನ ಉಸಿರು ಕೇಳು ಅಂತ ಹೇಳಿದವರು ನೀವು. ಈಗ ಆ ವಿದ್ಯೆಯನ್ನು ಒಂದು ಪೆಟ್ಟಿಗೆ ಮಾಡುತ್ತದೆ. ನೀವೇ ಅದನ್ನು ನೋಡಿ ಚಪ್ಪಾಳೆ ತಟ್ಟುತ್ತೀರಿ. ನಿಮಗೆ ಬೇಸರವಾಗುವುದಿಲ್ಲವಾ?"

"ಆಗುತ್ತದೆ" ಎಂದರು ಮಾಸ್ಟ್ರು.

ಧರಣೇಂದ್ರ ಈ ಉತ್ತರವನ್ನು ನಿರೀಕ್ಷಿಸಿರಲಿಲ್ಲ. "ಮತ್ತೆ?"

"ಮತ್ತೆ ಏನು? ಬೇಸರ ನನಗೆ. ಕಲಿಯಬೇಕಾದವಳು ಅವಳು."

ಮಳೆಗಾಲ ಕಳೆದ ಮೇಲೆ ಘಟ್ಟದ ದಾರಿಯಲ್ಲಿ ಸ್ಪರ್ಧೆಯೊಂದು ನಡೆಯುತ್ತಿತ್ತು. ಪ್ರತಿ ಗುರುಕುಲದಿಂದ ಒಬ್ಬರು, ಒಂದು ಕಾರು. ಹಿಂದಿನ ವರ್ಷಗಳಲ್ಲೆಲ್ಲ ಧರಣೇಂದ್ರನೇ ಹೋಗಿದ್ದ. ಈ ಸಲ ಊಟಕ್ಕೆ ಕೂತಾಗ ಮಾಸ್ಟ್ರು ಗಂಜಿ ಬಡಿಸುತ್ತಾ, "ಘಟ್ಟಕ್ಕೆ ವಾರಿಜಾ ಹೋಗುತ್ತಾಳೆ, ಹೊಸ ಕಾರು ತೆಗೆದುಕೊಂಡು" ಎಂದರು.

ವಾರಿಜಾ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಬಿಟ್ಟು ಧರಣೇಂದ್ರನ ಮುಖ ನೋಡಿದಳು. "ಅಣ್ಣ ಹೋಗಲಿ ಮಾಸ್ಟ್ರೇ. ನಾನು ಬರುವ ವರ್ಷ..."

"ನಿನ್ನ ದಯೆ ನನಗೆ ಬೇಡ" ಎಂದು ಧರಣೇಂದ್ರ ಎದ್ದ. ಬಟ್ಟಲು ಅಲ್ಲೇ ಉಳಿಯಿತು.

ಗುರುಕುಲದಲ್ಲಿ ಒಂದು ರೂಢಿಯಿತ್ತು. ಬೆಳಿಗ್ಗೆ ಕಾರುಗಳು ಹೊರಡುವ ಮೊದಲು ಹಿರಿಯ ಶಿಷ್ಯ ಓಟದ ದಾರಿಯನ್ನು ಪೂರ್ತಿ ನಡೆದು ನೋಡಬೇಕು. ಮರಳು ಎಲ್ಲಿ ಬಿದ್ದಿದೆ, ಕೊಂಬೆ ಎಲ್ಲಿ ಮುರಿದಿದೆ, ನೀರು ಎಲ್ಲಿ ನಿಂತಿದೆ ಎಂದು ಬಂದು ಹೇಳಬೇಕು. ಅವನು ಹೇಳಿದ ಮೇಲೆಯೇ ಉಳಿದವರು ಕಾರು ಹತ್ತುವುದು.

ಮರುದಿನ ಬೆಳಿಗ್ಗೆ ಧರಣೇಂದ್ರ ನಡೆದ. ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿತ್ತು. ಹೊಳೆ ಏರಿ ಆಚೆ ತುದಿಯ ತಿರುವನ್ನು ತೊಳೆದು ಇಳಿದುಹೋಗಿತ್ತು. ಟಾರಿನ ಮೇಲೆ ತೆಳ್ಳಗೆ ಮೆಕ್ಕಲು ಮಣ್ಣು ಕೂತಿತ್ತು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಅವನು ಚಪ್ಪಲಿಯ ತುದಿಯಿಂದ ಕೆರೆದ. ಒಳಗೆ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಗುದ್ದಲಿ, ಪೊರಕೆ ತರಬೇಕು ಎಂದುಕೊಂಡು ಹಿಂತಿರುಗಿದ.

ಶೆಡ್ಡಿನ ಮುಂದೆ ವಾರಿಜಾ ಹೆಲ್ಮೆಟ್ಟು ಹಿಡಿದು ನಿಂತಿದ್ದಳು. ಹೊಸ ಕಾರಿನ ಬಾಗಿಲು ತೆರೆದಿತ್ತು.

"ಅಣ್ಣಾ, ದಾರಿ ಹೇಗಿದೆ?"

ಅವನು ಆ ಕಾರನ್ನು ನೋಡಿದ. ಖಾಲಿ ಜಾಗವನ್ನು ನೋಡಿದ, ಮೂರನೆಯ ಪೆಡಲ್ ಇರಬೇಕಾಗಿದ್ದ ಜಾಗವನ್ನು.

"ನನ್ನನ್ನು ಯಾಕೆ ಕೇಳುತ್ತೀ? ನಿನ್ನ ಕಾರನ್ನು ಕೇಳು. ಅದಕ್ಕೆ ಎಲ್ಲ ಗೊತ್ತಲ್ಲ."

ವಾರಿಜಾ ನಕ್ಕಳು. ರಾತ್ರಿಯ ಸಿಟ್ಟು ಇಳಿದು ಅಣ್ಣ ತಮಾಷೆಗೆ ಬಂದಿದ್ದಾನೆ, ದಾರಿ ಚೆನ್ನಾಗಿಯೇ ಇದೆ ಎಂದುಕೊಂಡಳು. ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಕೂತಳು.

ಎಂಜಿನ್ ಗುಡುಗಿತು. ಒಂದು ಮಾತು ಧರಣೇಂದ್ರನ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಕಾರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ತಾನೇ ಏರುವ ಸದ್ದು ಕೇಳಿಸಿತು. ಎಲ್ಲಿಯೂ ಕಡಿಯದ, ಎಲ್ಲಿಯೂ ಎಡವದ ಸದ್ದು. ಕೇಳುತ್ತಿದ್ದಂತೆ ಅವನು ಹಲ್ಲು ಕಚ್ಚಿದ.

ಮಾತು ಗಂಟಲಿನಿಂದ ಹಾಗೆಯೇ ಕೆಳಗಿಳಿಯಿತು.

ಆಚೆ ತುದಿಯಲ್ಲಿ ಸದ್ದು ಒಮ್ಮೆ ಚೀರಿತು. ಆಮೇಲೆ ಸದ್ದೇ ಇಲ್ಲ.

ಅವನು ಓಡಿದ. ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಕಾರು ತಿರುವು ಬಿಟ್ಟು ಇಳಿಜಾರಿನಲ್ಲಿ ಉರುಳಿ, ಹೊನ್ನೆ ಮರಕ್ಕೆ ಬಡಿದು, ಮೂತಿ ಹೊಳೆಯ ನೀರಿಗೆ ಇಟ್ಟು ನಿಂತಿತ್ತು. ನೀರು ಒಳಗೆ ನುಗ್ಗುತ್ತಿತ್ತು. ಅವನು ಬಾಗಿಲು ಕಿತ್ತಂತೆ ತೆರೆದು, ಬೆಲ್ಟು ಬಿಚ್ಚಿ, ಅವಳನ್ನು ಹೊರಗೆಳೆದ. ಅವಳ ಎಡತೋಳು ಬೇರೆ ಯಾರದೋ ತೋಳಿನ ಹಾಗೆ ಜೋತಾಡುತ್ತಿತ್ತು. ಕುತ್ತಿಗೆಯ ಬುಡದಲ್ಲಿ ಎಲುಬು ಉಬ್ಬಿ ನಿಂತಿತ್ತು.

ವಾರಿಜಾ ಕಣ್ಣು ತೆರೆದಳು. "ಕೆಸರು ಇತ್ತು ಅಣ್ಣಾ" ಎಂದಳು. "ನಿಮಗೆ ಕಾಣಲಿಲ್ಲವೇನೋ."

ಬಾವಿಯ ಬಳಿ ಇದ್ದ ಮಾಸ್ಟ್ರು ವ್ಯಾನು ತಂದರು. ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು.

ಅವರು ತಿರುಗಿ ಬಂದಾಗ ಸಂಜೆಯಾಗಿತ್ತು. ಧರಣೇಂದ್ರ ದಾರಿಗೆ ಅಡ್ಡ ನಿಂತಿದ್ದ. ಬೆಳಗಿನಿಂದ ಒಳಗೆ ಕುದಿಸಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ.

"ನಾನು ಹೇಳಿರಲಿಲ್ಲವಾ ಮಾಸ್ಟ್ರೇ? ಕ್ಲಚ್ಚು ಕಾಲಿನಲ್ಲಿ ಇದ್ದಿದ್ದರೆ, ಜಾರಿದ ಕೂಡಲೇ ಒತ್ತಿ ಎಂಜಿನ್ನಿನ ಎಳೆತ ಬಿಡಿಸಿಕೊಳ್ಳುತ್ತಿದ್ದಳು. ಆ ಪೆಟ್ಟಿಗೆಗೆ ಕೆಸರು ಗೊತ್ತಾ? ಟಾರು ಗೊತ್ತಾ? ಅಂಥದ್ದರ ಕೈಗೆ ಒಂದು ಜೀವ ಕೊಟ್ಟವರು ನೀವು! ಅನ್ಯಾಯ ಅಂದರೆ ಇದು!"

"ಇರಬಹುದು" ಎಂದರು ಮಾಸ್ಟ್ರು. "ಕ್ಲಚ್ ಇದ್ದಿದ್ದರೆ ಕಾರು ಉರುಳುತ್ತಿರಲಿಲ್ಲವೋ ಏನೋ. ಬೆಳಿಗ್ಗೆ ದಾರಿ ನಡೆದೆಯಾ?"

"ನಡೆದೆ."

"ಆ ತಿರುವಿನವರೆಗೂ?"

"ಹೌದು."

"ಮಣ್ಣು ಕಂಡಿತಾ?"

ಧರಣೇಂದ್ರ ಸುಳ್ಳು ಹೇಳಬಹುದಿತ್ತು. ವಾರಿಜಾ ಆಗಲೇ ಅವನಿಗೊಂದು ಸುಳ್ಳನ್ನು ಸಿದ್ಧಮಾಡಿ ಕೊಟ್ಟಿದ್ದಳು.

"ಕಂಡಿತು" ಎಂದ.

"ಅವಳು ಕೇಳಿದಳಾ?"

"ಕೇಳಿದಳು."

ಇಷ್ಟು ವರ್ಷಗಳಲ್ಲಿ ಮಾಸ್ಟ್ರು ದನಿ ಏರಿಸಿದ್ದನ್ನು ಅವನು ಕೇಳಿರಲಿಲ್ಲ. ಅಂದು ಕೇಳಿದ. ಶೆಡ್ಡಿನ ತಗಡಿನ ಮಾಡು ನಡುಗಿದ ಹಾಗಾಯಿತು.

"ಆ ಕಾರಿಗೆ ಗೇರು ಹಾಕಲು ಬರುತ್ತದೆ. ಬಾಯಿ ಇಲ್ಲ. ಬಾಯಿ ಇದ್ದದ್ದು ನಿನಗೆ!"

ಧರಣೇಂದ್ರ ನೆಲದ ಮೇಲೆ ಕೂತ.

"ನನ್ನನ್ನು ಕಳಿಸಿಬಿಡಿ ಮಾಸ್ಟ್ರೇ."

"ಎಲ್ಲಿಗೆ ಕಳಿಸಲಿ? ಎಲ್ಲಿಗೆ ಹೋದರೂ ನೀನು ಮಾಡಿದ್ದು ಅವಳಿಗೆ ಗೊತ್ತಿಲ್ಲದೆ ಉಳಿಯುತ್ತದೆ. ಮೊದಲು ಅವಳಿಗೆ ಹೇಳು."

ಅವನು ಹೋದ. ಆಸ್ಪತ್ರೆಯಲ್ಲಿ ವಾರಿಜಾ ದಿಂಬಿಗೆ ಒರಗಿ ಕೂತಿದ್ದಳು. ಭುಜಕ್ಕೆ ಪಟ್ಟಿ ಕಟ್ಟಿದ್ದರು. ಅವನನ್ನು ಕಂಡು ಮುಖ ಅರಳಿತು. "ಬನ್ನಿ ಅಣ್ಣಾ, ಈ ವರ್ಷ ಘಟ್ಟಕ್ಕೆ ನೀವೇ ಹೋಗಬೇಕಾಯಿತು ನೋಡಿ" ಎಂದಳು.

ಅವನು ನಿಂತೇ ಹೇಳಿದ. ಮಣ್ಣು ಕಂಡದ್ದು, ಕೆರೆದು ನೋಡಿದ್ದು, ಅವಳು ಕೇಳಿದಾಗ ಬೇಕೆಂದೇ ಹೇಳದೆ ಇದ್ದದ್ದು. ಯಾವುದನ್ನೂ ಬಿಡಲಿಲ್ಲ.

ಅವಳ ಮುಖದ ನಗು ಎಲ್ಲಿಗೆ ಹೋಯಿತೋ ಹೋಯಿತು.

"ಕಾರಿನ ಮೇಲೆ ಸಿಟ್ಟಿದ್ದರೆ ಕಾರಿಗೆ ಒದೆಯಬೇಕಿತ್ತು" ಎಂದಳು. ದನಿ ಸಣ್ಣಗಿತ್ತು. "ನಾನು ನಿಮ್ಮನ್ನು ನಂಬಿ ಬಾಗಿಲು ಹಾಕಿಕೊಂಡೆ."

"ತಪ್ಪಾಯಿತು ವಾರಿಜಾ."

"ಹೊರಗೆ ಹೋಗಿ."

"ವಾರಿಜಾ..."

"ಹೊರಗೆ ಹೋಗಿ ಅಂದೆ!" ಎಂದು ಅವಳು ಗೋಡೆಯ ಕಡೆ ತಿರುಗಿದಳು. ತಿರುಗುವಾಗ ಭುಜ ನೊಂದು ಉಸಿರು ಕಟ್ಟಿತು. ಆದರೂ ಈಚೆ ತಿರುಗಲಿಲ್ಲ.

ಧರಣೇಂದ್ರ ಗುರುಕುಲಕ್ಕೆ ಬಂದ. ಮಾಸ್ಟ್ರು ಜಗಲಿಯ ಮೇಲೆ ಕೂತು ವಾರಿಜಾಳ ಒದ್ದೆ ಹೆಲ್ಮೆಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಹೇಳಿದೆ ಮಾಸ್ಟ್ರೇ."

"ಹೂಂ."

"ಹೊರಗೆ ಹಾಕಿದಳು."

"ಹೂಂ."

ಆ ಎರಡನೆಯ ಹೂಂ ಅವನನ್ನು ಕೆರಳಿಸಿತು. "ಒಂದನ್ನೂ ಮುಚ್ಚಿಡಲಿಲ್ಲ ಮಾಸ್ಟ್ರೇ! ಇದ್ದದ್ದು ಇದ್ದ ಹಾಗೆ ಹೇಳಿದೆ, ತಪ್ಪಾಯಿತು ಅಂದೆ. ಅಷ್ಟು ಹೇಳಿದವನಿಗೆ ಒಂದು ಒಳ್ಳೆಯ ಮಾತು ಬೇಡವಾ? ಗೋಡೆ ನೋಡುತ್ತಾ ಮಲಗುವುದಾ? ಇದು ಯಾವ ನ್ಯಾಯ?"

ಮಾಸ್ಟ್ರು ಹೆಲ್ಮೆಟ್ಟನ್ನು ಕೆಳಗಿಟ್ಟರು.

"ಸಿಟ್ಟು ಮಾಡುವ ಸರದಿ ಈಗ ಅವಳದು, ಧರಣೇಂದ್ರ. ನೀನು ಬದಿಗೆ ಸರಿದು ನಿಲ್ಲು."